ಯಜಮಾನನ ಮಂಚ

"ಇದಕ್ಕಿಂತ ಅಗ್ಗದ್ದು ಬೇಕು ಅಂದ್ರೆ, ಮನೆಗೆ ಹೋಗಿ ಆಮೇನೇ ಒಂಚೂರು ಚಿಕ್ಕದು ಮಾಡ್ಕೊಂಡು ಬನ್ನಿ ಅಕ್ಕಾ," ಎಂದ ಸಾಕುಪ್ರಾಣಿ ಅಂಗಡಿಯವನು, ಅಕ್ರಿಲಿಕ್ ಪೆಟ್ಟಿಗೆಯ ನೆತ್ತಿಯ ಮೇಲೆ ಬೆರಳಿನಿಂದ ಟಕಟಕ ಬಡಿಯುತ್ತ.

ಇಮಾಸ್ ನಗಲಿಲ್ಲ. ಅವಳ ಕಾಲ ಬಳಿ, ತರಕಾರಿ ಬುಟ್ಟಿಯೊಳಗೆ ಹಳೆಯ ಲುಂಗಿ ಹೊದ್ದುಕೊಂಡು ಅವಳ ಆಮೆ ಜುರಗನ್ ಕೂತಿತ್ತು. ಒಗ್ಗರಣೆ ಬಾಣಲೆಯ ಮುಚ್ಚಳದಷ್ಟಿದ್ದದ್ದು ಈಗ ಅನ್ನದ ದೊಡ್ಡ ಪಾತ್ರೆಯ ಮುಚ್ಚಳದಷ್ಟಾಗಿತ್ತು. ಮೂಗಿನ ಒಂದು ಹೊಳ್ಳೆಯಲ್ಲಿ ಸೋಪಿನ ಗುಳ್ಳೆಯಂಥದ್ದು ಉಬ್ಬಿ, ಒಡೆದು, ಮತ್ತೆ ಉಬ್ಬುತ್ತಿತ್ತು.

"ಇದಕ್ಕೆ ಏನಾಗಿದೆ ಅಂತ ಹೇಳಿ ಮೊದಲು."

"ನೆಗಡಿ. ಮರಳುಗಾಡಿನ ಪ್ರಾಣಿ ಇದು. ಇದನ್ನ ತಂದು ನಮ್ಮ ಬೋಗೋರಿನ ಮಳೆಗೆ ಬಿಟ್ರೆ ಇನ್ನೇನಾಗುತ್ತೆ? ಒಳಗೆ ಇಡಬೇಕು. ಒಣಗಿದ ನೆಲ, ಮೇಲೊಂದು ಬಿಸಿ ದೀಪ, ಓಡಾಡೋಕೆ ಜಾಗ. ಇಲ್ದಿದ್ರೆ ಎದೆಗೆ ಇಳಿಯುತ್ತೆ, ಆಮೇಲೆ ನನ್ನ ಕೈಲೂ ಆಗಲ್ಲ." ಅವನು ಪೆಟ್ಟಿಗೆಯ ಬೆಲೆಯನ್ನು ಮತ್ತೊಮ್ಮೆ ಹೇಳಿದ. ಅವಳ ಮನೆಯ ಎರಡು ತಿಂಗಳ ಬಾಡಿಗೆ. ಅಷ್ಟು ಕೊಟ್ಟರೂ ಆ ಪೆಟ್ಟಿಗೆಯಲ್ಲಿ ಜುರಗನ್ ನಾಲ್ಕು ಹೆಜ್ಜೆ ಇಟ್ಟರೆ ಗೋಡೆ.

"ಇದು ಇನ್ನೂ ಬೆಳೆಯುತ್ತಲ್ಲ?"

"ಬೆಳೆಯುತ್ತೆ. ಆಗ ಇದಕ್ಕಿಂತ ದೊಡ್ಡದು ತಗೋತೀರಿ."

"ಆಗ ನೀವೂ ದೊಡ್ಡ ಅಂಗಡಿ ಮಾಡ್ತೀರಿ," ಎಂದು ಬುಟ್ಟಿ ಎತ್ತಿಕೊಂಡು, ಗಾಜಿನ ಪೆಟ್ಟಿಗೆಗಳ ಮುಂದೆ ನಿಂತಿದ್ದ ಮಗಳನ್ನು ಕರೆದುಕೊಂಡು ಇಮಾಸ್ ಹೊರಟುಬಿಟ್ಟಳು.

ಜುರಗನ್ ಎಂದರೆ ಯಜಮಾನ. ಆ ಹೆಸರಿಟ್ಟವನು ಅವಳ ಗಂಡ ಎಂಕುಸ್. ಊರೊಳಗೆ ಓಡುವ ಹಸಿರು ವ್ಯಾನಿನ ಚಾಲಕ ಅವನು. ಆರು ವರ್ಷದ ಹಿಂದೆ, ಬಾಡಿಗೆ ಕೊಡಲಾಗದ ಪ್ರಯಾಣಿಕನೊಬ್ಬನಿಂದ ಬನ್ನಿನ ಗಾತ್ರದ ಈ ಆಮೆಯನ್ನು ಇಸಿದುಕೊಂಡು ಬಂದು, "ಇನ್ಮೇಲೆ ಈ ಮನೆಗೆ ಇದೇ ಯಜಮಾನ," ಎಂದು ನಕ್ಕಿದ್ದ. ಹೋದ ಈದ್ ಮುಗಿದ ಮೂರನೆಯ ದಿನ ಅವನು ಸುಕಬೂಮಿಯ ಊಟದಂಗಡಿಯೊಂದರ ಒಡತಿಯ ಮನೆ ಸೇರಿಕೊಂಡ. ಹೋಗುವಾಗ ಬೈಕು ಒಯ್ದ, ಟಿ.ವಿ. ಒಯ್ದ, ಹಾಡುಹಕ್ಕಿಯನ್ನು ಪಂಜರದ ಸಮೇತ ಒಯ್ದ. ಹಕ್ಕಿಗೆ ಪಂಜರವಿತ್ತು, ಹೋಯಿತು. ಆಮೆಗೆ ಏನೂ ಇರಲಿಲ್ಲ, ಉಳಿಯಿತು. ಉಳಿದ ಇನ್ನೊಂದು ವಸ್ತುವೆಂದರೆ ಮಂಚ; ಅದು ಬಾಗಿಲಲ್ಲಿ ಹಿಡಿಸಲಿಲ್ಲ.

ಬೋಗೋರಿನ ಅಂಚಿನ ಸಿಯೊಮಾಸಿನ ಆ ಓಣಿಯಲ್ಲಿ ಮನೆಮನೆಯಲ್ಲೂ ಚಪ್ಪಲಿ ಕೆಲಸ. ಇಮಾಸಳದೂ ಅದೇ. ಮುಂದಿನ ಕೋಣೆಯ ತುಂಬ ಅಟ್ಟೆಗಳು, ಪಟ್ಟಿಗಳು, ಹಳದಿ ಅಂಟಿನ ಡಬ್ಬಿಗಳು. ಹಿಂದಿನ ಕೋಣೆಯ ತುಂಬ ಮಂಚ. ಎರಡೂ ಕೋಣೆ ಬಿಟ್ಟರೆ ಹಿತ್ತಲಲ್ಲಿ ಒಂದು ಮಾರು ಜಾಗ. ಜುರಗನ್ ಇಷ್ಟು ದಿನ ಇದ್ದದ್ದು ಅಲ್ಲಿ, ತಗಡಿನ ಕೆಳಗೆ. ನವೆಂಬರಿನಿಂದ ದಿನಾ ಮಧ್ಯಾಹ್ನ ಮಳೆ ಹೊಯ್ದು ಹೊಯ್ದು ಆ ಜಾಗ ಕೆಸರಾಗಿತ್ತು.

ಓಣಿಯವರದು ಒಂದೇ ಮಾತು: ಮಾರಿಬಿಡು. ಹೋದವನ ಆಮೆ ಸಾಕೋದು ನಿನಗ್ಯಾಕೆ ಬಂತು? ಆ ಮಾತನ್ನು ಅವಳೂ ಒಮ್ಮೆ ಯೋಚಿಸಿದ್ದುಂಟು. ಆದರೆ ಹದಿನೈದು ದಿನದ ಹಿಂದೆ ಎಂಕುಸ್ ಫೋನು ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ, "ಆಮೆ ಬದುಕಿದೆಯಾ? ನೀನು ಸಾಕಿದ ಕೋಳಿ ಸತ್ತವು, ನೆಟ್ಟ ಮೆಣಸಿನ ಗಿಡ ಒಣಗ್ತು. ನಿನ್ನ ಕೈಗುಣ ನನಗೆ ಗೊತ್ತಿಲ್ವಾ? ಅದೂ ಎಷ್ಟು ದಿನಾನೋ," ಎಂದು ಕಿಸಕ್ಕನೆ ನಕ್ಕಿದ್ದ. ಹಿಂದುಗಡೆ ಹೆಂಗಸೊಬ್ಬಳ ನಗುವೂ ಕೇಳಿಸಿತ್ತು. ಆವತ್ತೇ ಇಮಾಸ್ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಇದನ್ನು ಸಾಯಲು ಬಿಡುವುದಿಲ್ಲ. ಮಾರುವುದೂ ಇಲ್ಲ.

ಅಂಗಡಿಯಿಂದ ಬಂದವಳು ಮೀನಿನವನ ಹತ್ತಿರ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ಕೇಳಿ ತಂದಳು. ಜುರಗನ್ ಅರ್ಧ ದಿನದಲ್ಲಿ ಅದರ ಒಂದು ಗೋಡೆಯನ್ನು ಮುಂಗಾಲಿನಿಂದ ಕೆರೆದು ಕೆಡವಿತು. ಬಿಳಿ ಕಾಳುಗಳನ್ನು ತಿನ್ನಲು ಬಾಯಿ ಹಾಕುವಷ್ಟರಲ್ಲಿ ಮಗಳು ಸಲ್ವಾ ಓಡಿ ಬಂದು ಕಿತ್ತುಕೊಂಡಳು. ಆಮೇಲೆ ಬಟ್ಟೆ ಒಗೆಯುವ ಪ್ಲಾಸ್ಟಿಕ್ ತೊಟ್ಟಿ. ಅದರ ಜಾರುವ ಗೋಡೆಗೆ ಅದು ಉಗುರು ಹಾಕುವುದು, ಜಾರುವುದು, ಮತ್ತೆ ಹಾಕುವುದು. ಕರಕರ ಸದ್ದು ಕೇಳುತ್ತ ಅಂಟು ಹಚ್ಚಿ ಹಚ್ಚಿ ಇಮಾಸಳ ತಲೆ ಚಿಟ್ಟು ಹಿಡಿಯಿತು. ಮುಚ್ಚಿಹೋದ ಸಿಮ್‌ಕಾರ್ಡ್ ಅಂಗಡಿಯ ಗಾಜಿನ ಕಪಾಟು ಅಗ್ಗಕ್ಕೆ ಸಿಗುತ್ತೆ ಎಂದು ಯಾರೋ ಹೇಳಿದರು. ಬೇಡವೆಂದವಳು ಸಲ್ವಾ.

"ಗಾಜು ಅದಕ್ಕೆ ಕಾಣ್ಸಲ್ಲಮ್ಮ. ಆ ಕಡೆ ದಾರಿ ಇದೆ ಅಂದ್ಕೊಂಡು ಇಡೀ ದಿನ ಹಣೆ ಚಚ್ಕೊಳುತ್ತೆ."

"ನಿನಗ್ಯಾರು ಹೇಳಿದ್ರು?"

"ನಾನೇ ನೋಡಿದೀನಿ. ಆ ಅಂಗಡೀಲಿ ಚಿಕ್ಕ ಆಮೆಗಳೆಲ್ಲ ಹಂಗೇ ಮಾಡ್ತಿದ್ವು."

ಹನ್ನೊಂದು ವರ್ಷದ ಮಗಳು ಮಾತಾಡುವುದೇ ಕಮ್ಮಿಯಾಗಿದ್ದ ದಿನಗಳು ಅವು. ಇಮಾಸ್ ಗಾಜಿನ ಮಾತು ಬಿಟ್ಟಳು.

ಕೊನೆಗೆ ಮರದ ಪೆಟ್ಟಿಗೆ ಮಾಡಿಸೋಣವೆಂದು ಓಣಿಯ ತುದಿಯಲ್ಲಿದ್ದ, ಎಲ್ಲರೂ ಮಾಂಗ್, ಚಿಕ್ಕಪ್ಪ, ಎಂದು ಕರೆಯುವ ಬಡಗಿ ಓಯೊನನ್ನು ಕರೆಸಿದಳು. ಅವನು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದು, ಮುಂದಿನ ಕೋಣೆ ಅಳೆದ, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಟೇಪು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡ.

"ಪ್ಲೈವುಡ್ ದುಡ್ಡಿನ ಮಾತು ಹಾಗಿರಲಿ ಮಗಳೇ. ಎಲ್ಲಿ ಇಡ್ತೀಯಾ? ಈ ಮಂಚ ಒಂದೇ ಅರ್ಧ ಮನೆ ನುಂಗಿ ಕೂತಿದೆ."

ಇಮಾಸ್ ಮಂಚವನ್ನು ನೋಡಿದಳು. ಸಾಗುವಾನಿಯದು. ತಲೆದೆಸೆಯಲ್ಲಿ ಒಂದಕ್ಕೊಂದು ಕೊಕ್ಕು ತಾಗಿಸಿದ ಎರಡು ನವಿಲು. ಮದುವೆಗೆ ಅತ್ತೆ ಮಾಡಿಸಿಕೊಟ್ಟದ್ದು. ಸುತ್ತಲೂ ಒಂದು ಗೇಣಿಗಿಂತ ಎತ್ತರದ ಹಲಗೆ, ಎರಡು ಬೆರಳು ದಪ್ಪ. ಯಾವ ಪ್ರಾಣಿಯೂ ಕೆರೆದು ಕೆಡವುವಂಥದ್ದಲ್ಲ. ಅದರಾಚೆ ಏನೂ ಕಾಣಿಸುವುದೂ ಇಲ್ಲ. ಈದ್ ಕಳೆದ ಮೇಲೆ ಅದರ ಎಡಮಗ್ಗುಲಿಗೆ ಅವಳು ಒಂದು ದಿನವೂ ಹೊರಳಿರಲಿಲ್ಲ.

"ಮಾಂಗ್, ಇದರ ಹಾಸುಹಲಗೆ ತೆಗೆದು, ಕಾಲು ಕೊಯ್ದು ನೆಲಕ್ಕೆ ಕೂರಿಸಿದ್ರೆ?"

ಓಯೊನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದಮೇಲೆ ಎರಡು ಹೆಜ್ಜೆ ಹಿಂದೆ ಸರಿದ.

"ಮದುವೆ ಮಂಚ ಕಣೇ ಇದು!"

"ನನಗೂ ಗೊತ್ತು. ಮದುವೆ ಆದವಳು ನಾನೇ."

"ಇಂಥ ಮರಕ್ಕೆ ಗರಗಸ ಇಡೋಕೆ ನನ್ನ ಕೈ ಬರಲ್ಲ. ನಿಮ್ಮತ್ತೆಗೆ ಗೊತ್ತಾದ್ರೆ ನನ್ನ ಕಾಲು ಕೊಯ್ತಾಳೆ."

"ಕೈ ಬರದಿದ್ರೆ ಬೇಡ. ಗರಗಸ ಇಟ್ಟು ಹೋಗಿ."

ಹಾಸಿಗೆ ಮುಂದಿನ ಕೋಣೆಗೆ ಹೋಯಿತು. ಮಂಚವನ್ನು ಮಗ್ಗುಲಿಗೆ ಮಲಗಿಸಿ, ಸಲ್ವಾಳನ್ನು ಹಲಗೆಯ ಮೇಲೆ ಕೂರಿಸಿ, ಇಮಾಸ್ ಮೊದಲ ಕಾಲಿಗೆ ಗರಗಸ ಹಾಕಿದಳು. ಸಾಗುವಾನಿ ಜಪ್ಪೆನ್ನಲಿಲ್ಲ. ಅಟ್ಟೆ ಕೊಯ್ದು ಪಳಗಿದ ಕೈಯೇ ಆದರೂ ಗರಗಸ ಅತ್ತ ಇತ್ತ ವಾಲಿತು, ಹಲ್ಲು ಸಿಕ್ಕಿಕೊಂಡಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅವಳು ನಿಲ್ಲಿಸಲಿಲ್ಲ. ಬಾಗಿಲಲ್ಲಿ ಬೆನ್ನು ಮಾಡಿ ಬೀಡಿ ಸೇದುತ್ತಿದ್ದ ಓಯೊ, ಆ ಕೀರಲು ಸದ್ದು ಕೇಳಿ ಕೇಳಿ, ಕೊನೆಗೆ ಬೀಡಿ ಎಸೆದು ಒಳಗೆ ಬಂದ.

"ಸರಿ ಆ ಕಡೆ. ಕೊಲ್ಲೋದಿದ್ರೆ ನೆಟ್ಟಗೆ ಕೊಲ್ಲು, ಮರಕ್ಕೆ ಹಿಂಗೆ ಹಿಂಸೆ ಕೊಡಬೇಡ."

ಉಳಿದ ಮೂರು ಕಾಲುಗಳನ್ನು ಅವನೇ ಕೊಯ್ದ. ಕೂಲಿ ಬೇಡವೆಂದ, ತನ್ನ ಮಗಳಿಗೊಂದು ಜೊತೆ ಚಪ್ಪಲಿ ಇಸಿದುಕೊಂಡ.

ಚುನಾವಣೆಯಲ್ಲಿ ಓಣಿಗೆ ಅಡ್ಡ ಕಟ್ಟಿದ್ದ ಪ್ಲಾಸ್ಟಿಕ್ ಬ್ಯಾನರ್ ಒಂದಿತ್ತು; ಅದನ್ನು ತಳಕ್ಕೆ ಹಾಸಿದರು. ಸೋತ ಅಭ್ಯರ್ಥಿಯ ನಗುಮುಖದ ಮೇಲೆ ಒಣಮಣ್ಣು, ತೆಂಗಿನ ನಾರಿನ ಪುಡಿ, ಅದರ ಮೇಲೆ ಒಣಹುಲ್ಲು. ಕೋಳಿಮರಿಗೆ ಕಾವು ಕೊಡುವ ಬಲ್ಬನ್ನು ನವಿಲುಗಳ ಕೊಕ್ಕಿನಿಂದ ಇಳಿಬಿಟ್ಟರು. ಜುರಗನ್ ಮೊದಲ ದಿನ ಬಲ್ಬಿನ ಕೆಳಗೆ ಕಲ್ಲಿನಂತೆ ಬಿದ್ದುಕೊಂಡಿತು. ಐದನೆಯ ದಿನ ದಾಸವಾಳದ ಎಲೆಗೆ ಕತ್ತು ಚಾಚಿತು. ಹತ್ತನೆಯ ದಿನ ಮೂಗು ಒಣಗಿತು. ತಾಯಿಮಗಳು ಅಟ್ಟೆಗಳ ನಡುವೆ ನೆಲದ ಮೇಲೆ ಮಲಗುತ್ತಿದ್ದರು. ಕಾಲು ಚಾಚಿದರೆ ಚಪ್ಪಲಿಯ ರಾಶಿ ಉರುಳುತ್ತಿತ್ತು.

ಸುದ್ದಿ ಓಣಿ ದಾಟಿತು. ನಲ್ಲಿಯ ಹತ್ತಿರ ಹೆಂಗಸರು, "ಏನೇ ಇಮಾಸ್, ನಿಮ್ಮ ಯಜಮಾನ್ರು ಮಂಚ ಬಿಟ್ಟು ಏಳ್ತಾನೇ ಇಲ್ವಂತೆ?" ಎಂದು ನಕ್ಕರು. "ನಮ್ಮ ಯಜಮಾನ ಮನೇಲೇ ಇರ್ತಾನೆ. ನಿಮ್ಮವರು ಎಲ್ಲಿದಾರೆ ಹೋಗಿ ನೋಡ್ಕೊಳ್ಳಿ," ಎಂದಳು ಇಮಾಸ್. ಒಬ್ಬಳ ಬಿಂದಿಗೆ ತುಂಬಿ ಚೆಲ್ಲಿತು.

ಮರುವಾರದ ಭಾನುವಾರ ಬೆಳಿಗ್ಗೆ ಹಸಿರು ವ್ಯಾನು ಓಣಿಯ ಬಾಯಲ್ಲಿ ನಿಂತಿತು. ಎಂಕುಸ್ ಇಳಿದ. ಅವನ ಹಿಂದೆ, ಬೆಟ್ಟದ ಮೇಲಿನ ಹಳ್ಳಿಯಿಂದ ಬಂದ ಅವನ ತಾಯಿ ಓನಾ; ಮನೆಯವರಿಗೆಲ್ಲ ಎಮಾಕ್, ಎಂದರೆ ಅಮ್ಮ. ಇಮಾಸ್ ಆಗಷ್ಟೇ ಹತ್ತು ಜೊತೆ ಅಟ್ಟೆಗೆ ಅಂಟು ಹಚ್ಚಿ ಆರಲು ಸಾಲಾಗಿ ಇಟ್ಟಿದ್ದಳು. ಎದ್ದು ಅತ್ತೆಯ ಕೈಯನ್ನು ಹಣೆಗೆ ಒತ್ತಿಕೊಂಡಳು. ಗಂಡನಿಗೆ ಕೂರಲು ಹೇಳಲಿಲ್ಲ. ಕೂರಲು ಜಾಗವೂ ಇರಲಿಲ್ಲ.

"ಆಮೆ ತಗೊಂಡು ಹೋಗೋಣ ಅಂತ ಬಂದೆ," ಎಂದ ಎಂಕುಸ್, ಏನೋ ಮರೆತುಹೋದ ಛತ್ರಿಯ ಮಾತಾಡುವವನಂತೆ. "ಚೆನ್ನಾಗಿ ಬೆಳೆದಿದೆ ಅಂತ ಕೇಳಿದೆ. ಒಬ್ರು ಕೇಳ್ತಿದಾರೆ. ನಿನಗೂ ಒಂದು ಪಾಲು ಕೊಡ್ತೀನಿ."

ಅಷ್ಟರಲ್ಲಿ ಅತ್ತೆ ಒಳಕೋಣೆಯ ಬಾಗಿಲು ತಲುಪಿದ್ದಳು. ಅಲ್ಲಿಯೇ ನಿಂತುಬಿಟ್ಟಳು.

"ಇದೇನೇ ಇದು?"

ಎಂಕುಸ್ ಇಣುಕಿದ. "ನನ್ನ ಮಂಚ! ಕಾಲು ಎಲ್ಲಿ? ತಲೆ ಕೆಟ್ಟಿದೆಯೇನೇ ನಿನಗೆ?"

"ಮಲಗೋರು ಇರ್ಲಿಲ್ಲ. ಮಲಗೋಕೆ ಜಾಗ ಇಲ್ದೋರು ಇದ್ರು. ಕೊಟ್ಟೆ."

"ಎರಡು ಹೋರಿ ಮಾರಿ ಮಾಡಿಸಿದ್ದು," ಎಂದಳು ಎಮಾಕ್. ಅವಳು ನವಿಲುಗಳತ್ತ ಕೈ ತೋರಿಸಿದಳು. "ನವಿಲು ಕೆತ್ತೋಕೇ ಜೆಪಾರದ ಕೆತ್ತನೆಯವನು ಒಂದು ತಿಂಗಳು ನಮ್ಮನೇಲಿ ಉಂಡ. ನನ್ನ ಸೊಸೆ ಅಂತ... ಇದರ ಮೇಲೆ ಮಣ್ಣು ಸುರಿಯೋಕೆ ನಿನಗೆ ಮನಸ್ಸು ಹೇಗೆ ಬಂತು?"

ಈ ಮಾತಿಗೆ ಇಮಾಸ್ ಸಿದ್ಧಳಾಗಿರಲಿಲ್ಲ. ಗಂಡನ ಎದುರು ಆಡಲು ಎಷ್ಟೋ ಮಾತು ಮಸೆದಿಟ್ಟುಕೊಂಡಿದ್ದಳು. ಅತ್ತೆಯ ಹೋರಿಗಳ ಲೆಕ್ಕ ಅದರಲ್ಲಿರಲಿಲ್ಲ.

"ಎಮಾಕ್, ನಿಮಗೆ ನೋವಾಯ್ತು. ಅದು ನನ್ನ ತಪ್ಪೇ," ಎಂದಳು. "ಮಂಚ ನಿಮ್ದು. ಬೇಕು ಅಂದ್ರೆ ಈಗಲೇ ಮಣ್ಣು ತೆಗೆದು ತೊಳೆದು ಕೊಡ್ತೀನಿ. ಆಮೆ ಮಾತ್ರ ಕೊಡಲ್ಲ."

"ಆಮೆ ನಂದು," ಎಂದು ಎಂಕುಸ್ ಹಲಗೆ ದಾಟಿ ಒಳಗೆ ಕಾಲಿಟ್ಟು, ಬಗ್ಗಿ, ಜುರಗನ್‌ನನ್ನು ಎರಡೂ ಕೈಯಿಂದ ಎದೆಗೆ ಎತ್ತಿಕೊಂಡ.

"ಹಂಗೆ ಎತ್ತಬಾರದು ಅಪ್ಪಾ," ಎಂದಳು ಸಲ್ವಾ. "ಹೆದರ್ಕೊಳುತ್ತೆ."

ಅವಳ ಮಾತು ಮುಗಿಯುವುದಕ್ಕೂ ಜುರಗನ್ ಒಳಗಿದ್ದದ್ದನ್ನೆಲ್ಲ ಬಿಡುವುದಕ್ಕೂ ಸರಿಹೋಯಿತು. ಹತ್ತು ಕಿಲೋ ಆಮೆ. ನೀರೂ ಅದರ ಅಳತೆಯದೇ. ಎಂಕುಸ್‌ನ ಇಸ್ತ್ರಿ ಅಂಗಿಯಿಂದ ಹಿಡಿದು ಪ್ಯಾಂಟಿನ ತುದಿಯವರೆಗೆ ಇಳಿಯಿತು. ಅವನು ಬೈದುಕೊಂಡು ಅದನ್ನು ಹುಲ್ಲಿನ ಮೇಲೆ ಕುಕ್ಕಿದ.

"ನಂದು, ನಂದು ಅಂತೀಯಲ್ಲ," ಎಂದಳು ಇಮಾಸ್. ಅವಳ ದನಿ ಏರಿರಲಿಲ್ಲ. "ಅದು ಏನು ತಿನ್ನುತ್ತೆ ಹೇಳು, ತಗೊಂಡು ಹೋಗು. ಮೂಗಿನ ಯಾವ ಹೊಳ್ಳೆ ಸೋರ್ತಿತ್ತು ಹೇಳು. ಹೆಸರು ಬಿಟ್ಟು ಅದಕ್ಕೆ ಇನ್ನೇನು ಕೊಟ್ಟಿದೀಯಾ ನೀನು?" ಮಗಳನ್ನು ತೋರಿಸಿ, "ಇವಳಿಗೂ ಅಷ್ಟೇ," ಎಂದಳು.

ಎಂಕುಸ್ ತಾಯಿಯ ಮುಖ ನೋಡಿದ. ತಾಯಿ ಮೊಮ್ಮಗಳ ಮುಖ ನೋಡುತ್ತಿದ್ದಳು.

"ಪೊಲೀಸ್ ಕರೀತೀನಿ," ಎಂದ.

"ಕರಿ. ಮೊದಲು ಅಂಗಿ ಬದಲಾಯಿಸ್ಕೋ."

ಅವನು ಒದ್ದೆ ಅಂಗಿಯನ್ನು ಮೈಯಿಂದ ಬಿಡಿಸಿ ಹಿಡಿದುಕೊಂಡು, ಸಾಲಾಗಿಟ್ಟ ಅಟ್ಟೆಗಳ ಮೇಲೆ ಕಾಲು ಬೀಳದಂತೆ ತುದಿಗಾಲಲ್ಲಿ ಹೊರನಡೆದ. ಓಣಿಯಲ್ಲಿ ಯಾರೋ ನಕ್ಕ ಸದ್ದು. ವ್ಯಾನಿನ ಬಾಗಿಲು ಧಡಾರೆಂದಿತು.

ಅಂಟು ಆರುತ್ತಿತ್ತು, ಇನ್ನು ತಡಮಾಡಿದರೆ ಹತ್ತೂ ಜೊತೆ ಹಾಳು. ಇಮಾಸ್ ನೆಲದ ಮೇಲೆ ಕೂತು, ಒಂದೊಂದೇ ಅಟ್ಟೆಗೆ ಪಟ್ಟಿ ಕೂರಿಸಿ ಹೆಬ್ಬೆರಳಿನಿಂದ ಒತ್ತತೊಡಗಿದಳು. ಸಲ್ವಾ ಬಂದು ಎದುರು ಕೂತು ಸುತ್ತಿಗೆ ಕೈಗೆತ್ತಿಕೊಂಡಳು. ಹೊರಗೆ ಹಾರನ್ ಆಯಿತು.

"ಹೋರಿಗಳು ಚೆನ್ನಾಗಿದ್ವು," ಎಂದಳು ಎಮಾಕ್ ಒಳಗಿನಿಂದ, ಯಾರಿಗೆಂದಿಲ್ಲದೆ. "ನಿನ್ನ ತಪ್ಪು ತಪ್ಪೇ. ನಾನು ಮರೆಯಲ್ಲ."

"ಮರೀಬೇಡಿ ಎಮಾಕ್."

ಹಾರನ್ ಮತ್ತೆ ಆಯಿತು, ಈ ಸಲ ಉದ್ದಕ್ಕೆ. ಮುದುಕಿ ಏಳಲಿಲ್ಲ. ಆ ಮನೆಯಲ್ಲಿ ಕೂರಲು ಬೇರೆ ಜಾಗವಿಲ್ಲದ್ದರಿಂದ ಅವಳು ಮಂಚದ ಹಲಗೆಯ ಮೇಲೆಯೇ ಕೂತಿದ್ದಳು, ಕಾಲು ಒಳಕ್ಕೆ ಇಳಿಬಿಟ್ಟುಕೊಂಡು. ಜುರಗನ್ ತಲೆ ಹೊರಗೆ ಹಾಕಿತು. ಆಚೀಚೆ ನೋಡಿ, ಹಲಗೆಯ ಮಗ್ಗುಲು ಹಿಡಿದು, ಹುಲ್ಲು ಸರಸರ ಎನ್ನುತ್ತ ನಡೆದು ಬಂತು. ಎಮಾಕ್ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಲುಂಗಿಯ ಅಂಚೆತ್ತಿಕೊಂಡು, ಎರಡೂ ಕಾಲು ಮೇಲಕ್ಕೆತ್ತಿ ಅದಕ್ಕೆ ದಾರಿ ಬಿಟ್ಟಳು.