ಭಾವನ ಚಾಚಿದ ಅಂಗೈ

ನನ್ನ ಭಾವನಿಗೆ ಎಲ್ಲರಂತೆ ಎರಡು ಕೈಗಳಿದ್ದರೂ ಅವರನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಬಲಗೈ ಒಂದೇ: ಮುಂದಕ್ಕೆ ಚಾಚಿದ, ಅಂಗೈ ಮೇಲಾದ, ಬೆರಳ ತುದಿಗಳನ್ನು ಎರಡು ಸಲ ಒಳಕ್ಕೆ ಮಡಿಸಿ ಕರೆಯುವ ಕೈ. ಅದರ ಜೊತೆಗೆ ಬರುವ ಮಾತೂ ಒಂದೇ. "ಕೊಡಿಲ್ಲಿ." ಬೇಡುವವರೂ ಹೀಗೆಯೇ ಕೈ ಚಾಚುತ್ತಾರೆ, ಆದರೆ ಇದು ಜಪ್ತಿಗೆ ಬಂದವರ ಕೈ. ಅಕ್ಕ ಹೆಚ್ಚುತ್ತಿರುವ ತರಕಾರಿ, ನಾನು ಪೊಟ್ಟಣಕ್ಕೆ ಸುತ್ತುತ್ತಿರುವ ದಾರ, ಪಕ್ಕದ ಮನೆಯವರು ಗೋಡೆಗೆ ಹೊಡೆಯುತ್ತಿರುವ ಮೊಳೆ, ಯಾರ ಕೆಲಸವೇ ಇರಲಿ, ಅದು ಅರ್ಧಕ್ಕೆ ಬರುವ ಹೊತ್ತಿಗೆ ಆ ಅಂಗೈ ಅಲ್ಲಿ ಹಾಜರಿರುತ್ತದೆ. ಅವರ ಮೇಲೆ ನನಗೆ ಹಗೆಯಿಲ್ಲ. ಹಗೆಯಿದ್ದರೆ ಮಾತು ಬಿಟ್ಟು ಸುಖವಾಗಿರಬಹುದಿತ್ತು. ನನಗಿರುವುದು ಸಿಟ್ಟು, ದಿನವೂ ಎದುರಿಗೆ ಬಂದು ಕ್ಷೇಮಸಮಾಚಾರ ಕೇಳುವವರ ಮೇಲೆ ಬರುವಂಥ, ಎಲ್ಲಿಯೂ ಇಳಿಸಲಾಗದ ಸಿಟ್ಟು.

ಅವರು ನಕ್ಷೆ ಬರೆಯುವ ಕಚೇರಿಯಲ್ಲಿ ಹಿರಿಯ ನಕ್ಷೆಗಾರರು. ಬಿಸಿಲಿರಲಿ ಚಳಿಯಿರಲಿ ಮೈಮೇಲೆ ಅದೇ ಬೂದು ಬಣ್ಣದ ಕೋಟು, ಅದರ ಎದೆಯ ಜೇಬಿನಲ್ಲಿ ಆರಂಗುಲದ ಉಕ್ಕಿನ ಸ್ಕೇಲು. ಬೀದಿಯಲ್ಲಿ ಕಾಲುದಾರಿಯ ಅಂಚು ಹಿಡಿದು, ಯಾರೋ ಎಳೆದಿಟ್ಟ ಗೆರೆಯ ಮೇಲೆ ನಡೆಯುವಂತೆ ನಡೆಯುತ್ತಾರೆ. ತಿರುವು ಬಂದಾಗ ನಾವೆಲ್ಲ ಬಳಸಿ ತಿರುಗಿದರೆ ಅವರು ಒಂದು ಕ್ಷಣ ನಿಂತು, ಹಿಮ್ಮಡಿಯ ಮೇಲೆ ಹೊರಳಿ, ಲಂಬಕೋನದಲ್ಲಿ ಮುಂದುವರಿಯುತ್ತಾರೆ. ಬಡಗಿಗಳು ಮೂಲೆಯ ನೇರ ನೋಡಲು ಬಳಸುವ ಮೂಲೆಮಟ್ಟ ಎಂಬ ಉಪಕರಣದ ಹೆಸರನ್ನೇ ಬೀದಿಯ ಮಕ್ಕಳು ಅವರಿಗೆ ಇಟ್ಟಿದ್ದಾರೆ. ಮಕ್ಕಳು ಹೆಸರಿಡುವುದರಲ್ಲಿ ತಪ್ಪುವುದಿಲ್ಲ.

ನನ್ನದು ಶಾಲೆಯ ಎದುರಿನ ಅಂಗಡಿ. ಚಾರ್ಟು, ಗೋಂದು, ಬಣ್ಣದ ಕಾಗದ, ಥರ್ಮೋಕೋಲು. ಶಾಲೆಯವರು ಮಕ್ಕಳಿಗೆ ಪ್ರಾಜೆಕ್ಟು ಕೊಡುತ್ತಾರೆ, ಮಕ್ಕಳು ಅದನ್ನು ಅಪ್ಪ ಅಮ್ಮಂದಿರಿಗೆ ಕೊಡುತ್ತಾರೆ, ಅಪ್ಪ ಅಮ್ಮಂದಿರು ನನ್ನ ಹೊಟ್ಟೆಗೆ ಕೊಡುತ್ತಾರೆ. ಎಂಟು ವರ್ಷದ ಕಂದ ಮಾಡಿದ್ದೆಂದು ಹೊತ್ತೊಯ್ಯುವ ಜ್ವಾಲಾಮುಖಿಯ ಬುಡದಲ್ಲಿ ಇಬ್ಬರು ಪದವೀಧರರ ಒಂದು ಇಡೀ ಭಾನುವಾರ ಹೂತಿರುವುದನ್ನು ನಾನು ಬಲ್ಲೆ; ಬಲ್ಲೆನೆಂದು ಬಾಯಿ ಬಿಡುವವನು ಅಂಗಡಿ ಇಡಬಾರದು. ಗಿರಾಕಿ ಕೇಳಿದ್ದನ್ನು ಇಲ್ಲವೆನ್ನಬೇಡ, ಯಾಕೆಂದು ಕೇಳಬೇಡ. ಇಪ್ಪತ್ತು ವರ್ಷ ಈ ಎರಡು ಸೂತ್ರಗಳ ಮೇಲೆ ನನ್ನ ಬದುಕು ನಡೆದಿದೆ.

ಭಾವನ ಮಗಳು ಕಡ್ಡಿ. ಮೈಯಿಂದಲೂ ಕಡ್ಡಿ, ಮಾತನ್ನು ಕಡ್ಡಿ ಮುರಿದಂತೆ ಆಡುವುದರಿಂದಲೂ ಕಡ್ಡಿ. ಅವಳು ಸಾಕಿದ್ದ ಬಿಳಿ ಮೊಲಕ್ಕೆ ನನ್ನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದ್ದ ಅಳಿಸುವ ರಬ್ಬರುಗಳನ್ನು ನೋಡಿ ರಬ್ಬರು ಎಂದು ಹೆಸರಿಟ್ಟಿದ್ದಳು. ಮನೆಯಲ್ಲಿರುವ ಒಂದು ಜೀವವನ್ನು ಇಪ್ಪತ್ತೊಂದು ದಿನ ಗಮನಿಸಿ, ಕಂಡದ್ದನ್ನು ದಾಖಲಿಸಿ ಎಂದು ಶಾಲೆಯವರು ಹೇಳಿದಾಗ ಅವಳು ಗೂಡಿನ ಮುಂದೆ ಹೊಟ್ಟೆಯ ಮೇಲೆ ಮಲಗಿ ಬರೆಯತೊಡಗಿದಳು. ಮೂರನೆಯ ದಿನವೇ ಅಂಗಡಿಗೆ ಬಂದಳು.

"ಮಾವ, ಹಿಕ್ಕೆಗೆ ಯಾವ ಬಣ್ಣದ ಪೆನ್ಸಿಲ್ಲು?"

"ಕಂದು. ಯಾಕೆ, ಹಿಕ್ಕೆ ಬರೀಬೇಕು ಅಂದಿದಾರಾ ನಿಮ್ಮ ಟೀಚರು?"

"ಕಂಡಿದ್ದೆಲ್ಲ ಬರೀರಿ ಅಂದಿದಾರೆ. ಮೊಲದ ಹತ್ರ ಜಾಸ್ತಿ ಕಾಣೋದು ಅದೇ."

ಪೆನ್ಸಿಲು ಕೊಟ್ಟು, ಮಧ್ಯಾಹ್ನವೆಲ್ಲ ನಕ್ಕೆ. ಅವಳು ಮಾತ್ರ ನಗಲಿಲ್ಲ. ಪ್ರತಿದಿನ ಒಂದು ಹಿಕ್ಕೆಯನ್ನು ಹಾಳೆಯ ಪಕ್ಕದಲ್ಲಿಟ್ಟುಕೊಂಡು ಅದರ ಗಾತ್ರದಲ್ಲೇ ಚಿತ್ರ ಬರೆದಳು; ಹಾಕಿದ ಎಂಟು ಎಲೆಗಳಲ್ಲಿ ಎಷ್ಟು ಉಳಿದವೆಂದು ಎಣಿಸಿದಳು; ಮೊಲದ ದವಡೆ ಯಾವ ಕಡೆಗೆ ಆಡುತ್ತದೆಂದು ಬಾಣದ ಗುರುತು ಹಾಕಿದಳು.

ಹನ್ನೊಂದನೆಯ ದಿನ ಆ ಹಾಳೆಗಳು ಭಾವನ ಕಣ್ಣಿಗೆ ಬಿದ್ದವು.

"ಏನಿದು ಅಸಹ್ಯ? ಕೊಡಿಲ್ಲಿ."

ಮುಂದಿನದನ್ನು ಅಕ್ಕ ನನಗೆ ಹೇಳಿದ್ದು. ಅವರು ಊಟಕ್ಕೂ ಏಳದೆ ದೊಡ್ಡ ಚಾರ್ಟಿನ ಮೇಲೆ ಇಪ್ಪತ್ತೊಂದು ಸಮ ಚೌಕಗಳನ್ನು ಎಳೆದು, ಪ್ರತಿ ಚೌಕದಲ್ಲೂ ಒಂದೇ ಮಗ್ಗುಲಿಗೆ ಕೂತ ಒಂದೇ ಮೊಲವನ್ನು, ಅದರ ಕೆಳಗೆ ಎಂಟು ಹಸಿರು ಎಲೆಗಳನ್ನು ಬರೆದರು. ಕಡ್ಡಿ ಪಕ್ಕದಲ್ಲೇ ನಿಂತಿದ್ದಳಂತೆ.

"ಅಪ್ಪ, ಇವತ್ತು ಐದೇ ತಿಂದಿದೆ."

"ಐದಾದ್ರೆ ಸಾಲು ಕೂರಲ್ಲ ಕಣೆ. ದಿನಾ ಎಂಟು ಹಾಕ್ತೀವಲ್ಲ, ಎಂಟೇ ಇರ್ಲಿ."

"ಹನ್ನೆರಡನೇ ದಿನ ಇನ್ನೂ ಬಂದೇ ಇಲ್ವಲ್ಲ?"

"ಬಂದಾಗ ಬರ್ಲಿ. ಕೆಲಸ ಮುಗ್ದಿರುತ್ತೆ."

"ಮಗು ಬರ್ದಿದ್ದು ಹಾಗೇ ಇದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳಂತೆ ಅಕ್ಕ. ಅದಕ್ಕವರು, "ನಾನಿರೋವಾಗ ನನ್ನ ಮಗಳು ನಾಲ್ಕು ಜನರ ಮುಂದೆ ನಗೆಪಾಟಲಾಗಬೇಕಾ?" ಎಂದರಂತೆ. ಆ ಮಾತಿನಲ್ಲಿ ಪ್ರೀತಿಯಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಸಿಟ್ಟಿಗೆ ಅದೇ ತುಪ್ಪ.

ಹೀಗೆ ಇನ್ನೂ ಹುಟ್ಟದ ಹತ್ತು ದಿನಗಳು ಅಂದೇ ಬರೆದು ಮುಗಿದವು. ಬರೆದು ಮುಗಿದ ಮೇಲೆ ನೋಡುವುದಕ್ಕೆ ಏನಿದೆ? ಕಡ್ಡಿ ಗೂಡಿನ ಮುಂದೆ ಮಲಗುವುದನ್ನು ಬಿಟ್ಟಳು. ಎಲೆ ಹಾಕುವ ಕೆಲಸವನ್ನೂ ಭಾವ ವಹಿಸಿಕೊಂಡರು. ಕಚೇರಿಗೆ ಹೊರಡುವ ಮೊದಲು ಎಂಟು ಹೊಸ ಎಲೆ ಜೋಡಿಸಿ, ಹಳೆಯವನ್ನು ಗುಡಿಸಿ ಎಸೆಯುತ್ತಿದ್ದರು. ಎಷ್ಟು ಎಸೆದೆನೆಂದು ಅವರು ನೋಡಲಿಲ್ಲ. ಗೂಡು ಮಾತ್ರ ಕನ್ನಡಿಯಂತಿತ್ತು.

ಹತ್ತೊಂಬತ್ತನೆಯ ದಿನ ಮೊಲ ಜೊಲ್ಲು ಸುರಿಸುತ್ತ ಮೂಲೆಯಲ್ಲಿ ಮುದುಡಿ ಕೂತಿತ್ತು. ಪಶುವೈದ್ಯೆಯ ಬಳಿಗೆ ನಾನೂ ಹೋದೆ. ರಟ್ಟಿನ ಪೆಟ್ಟಿಗೆ ನನ್ನ ಕೈಯಲ್ಲಿತ್ತು. ಆಕೆ ಮೊಲದ ಬಾಯಿಗೆ ಬೆಳಕು ಹಿಡಿದು ನೋಡಿ, "ಎಡಗಡೆ ಹಿಂದಿನ ಹಲ್ಲು ಬೆಳ್ದು ನಾಲಿಗೆ ಕೊಯ್ದಿದೆ. ತಿನ್ನೋದು ಯಾವತ್ತು ಕಡಿಮೆಯಾಯ್ತು? ಹಿಕ್ಕೆ ಯಾವಾಗಿಂದ ಸಣ್ಣಗಾಯ್ತು?" ಎಂದರು.

"ಸರಿಯಾಗೇ ತಿಂತಿತ್ತು ಡಾಕ್ಟ್ರೇ," ಎಂದರು ಭಾವ. "ದಿನಕ್ಕೆ ಎಂಟೆಲೆ. ಚಾರ್ಟಿದೆ ಮನೇಲಿ."

ಕಡ್ಡಿ ಮೇಜಿನ ಕಾಲನ್ನು ನೋಡುತ್ತ ಹೇಳಿದಳು. "ಎಂಟನೇ ದಿನದಿಂದ ಸಣ್ಣಗಾಯ್ತು. ಹನ್ನೊಂದನೇ ದಿನದ ತನಕ ನಾನು ನೋಡಿದೀನಿ. ಆಮೇಲೆ ಅಪ್ಪ ಮುಗಿಸಿಬಿಟ್ರು."

ವೈದ್ಯೆ ಭಾವನ ಮುಖ ನೋಡಲಿಲ್ಲ, ಒಳ್ಳೆಯ ಹೆಂಗಸು. "ವಾರದ ಹಿಂದೆ ತಂದಿದ್ರೆ ಹಲ್ಲು ತೇಯ್ದು ಗಿಡ್ಡ ಮಾಡಿ ಕಳಿಸ್ತಿದ್ದೆ. ಈಗ ತಿನ್ನದೆ ತಿನ್ನದೆ ಕರುಳು ಕೆಲಸ ಮಾಡೋದೇ ನಿಂತುಹೋಗಿದೆ," ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.

ಮರುದಿನ ಮಧ್ಯಾಹ್ನ ರಬ್ಬರು ಸತ್ತಿತು. ಭಾವ ಕಚೇರಿಗೆ ರಜೆ ಹಾಕಿ, ಕೋಟು ಕಳಚಿಟ್ಟು, ಹಿತ್ತಿಲಲ್ಲಿ ತಾವೇ ಗುಂಡಿ ತೋಡಿದರು. ಉದ್ದ ಅಗಲಗಳನ್ನು ಅಳೆದು, ನಾಲ್ಕು ಮೂಲೆಗಳನ್ನೂ ಕರಣೆಯಿಂದ ಕೆತ್ತಿ ನೇರಮಾಡಿದರು. ಮನುಷ್ಯರಿಗೂ ಅಷ್ಟು ಚೊಕ್ಕವಾದ ಗುಂಡಿ ದಕ್ಕುವುದು ಅನುಮಾನ. ಮಣ್ಣು ಮುಚ್ಚಿದ ಮೇಲೆ ಕಡ್ಡಿ ಎಲ್ಲಿಂದಲೋ ಎರಡು ಮುಷ್ಟಿ ಗಾತ್ರದ ಕಲ್ಲೊಂದನ್ನು ಎದೆಗವಚಿಕೊಂಡು ಬಂದು, ಮೊಲದ ತಲೆಯಿದ್ದ ಕಡೆ ಇಡಲು ಬಗ್ಗಿದಳು. ಅಂಗೈ ಬಂತು.

"ಕೊಡಿಲ್ಲಿ. ನಡುವಿಗೆ ಬರ್ಬೇಕು ಅದು."

ಕೊಟ್ಟಳು. ಅಳುತ್ತಿದ್ದವಳು ಅಳುವನ್ನೂ ನಿಲ್ಲಿಸಿದಳು, ಅದನ್ನೂ ಕೇಳಿಯಾರು ಎಂಬಂತೆ.

ಆ ಸಂಜೆ ಅಂಗಡಿಗೆ ಬಂದು ನಾನು ಚೀಟಿಗಳನ್ನು ಚುಚ್ಚಿಡುವ ಮುಳ್ಳುಗಂಬಿಯನ್ನು ತಡಕಿದೆ. ನನಗೊಂದು ಸಂಶಯವಿತ್ತು. ಭಾವ ಕಾಗದ ಪೋಲು ಮಾಡುವವರಲ್ಲ, ಕಡ್ಡಿಯ ಹಾಳೆಗಳ ಹಿಂಬದಿಯನ್ನೂ ಬಿಟ್ಟಿರಲಾರರು; ಒಂಬತ್ತು ದಿನಗಳ ಕೆಳಗೆ ಚಾರ್ಟು, ಹಸಿರು ಶಾಯಿ ಬೇಕೆಂದು ಅವರು ಕಳಿಸಿದ್ದ ಚೀಟಿ ಸಿಕ್ಕಿತು. ತಿರುಗಿಸಿದೆ. ಹಿಂದೆ ನಾಲ್ಕು ಹಿಕ್ಕೆಗಳು, ಒಂದಕ್ಕಿಂತ ಒಂದು ಸಣ್ಣ. ಅದರ ಕೆಳಗೆ ಸೊಟ್ಟ ಅಕ್ಷರಗಳಲ್ಲಿ: ರಬ್ಬರು ಎಡಗಡೆ ಅಗಿಯುತ್ತಾ ಇಲ್ಲ. ಯಾಕೆ?

ಈ ಹಾಳೆ ನನ್ನ ಕೈಗೂ ಬಂದಿತ್ತು. ನಾನು ನಕ್ಕು, ಚುಚ್ಚಿಟ್ಟು, ಚಾರ್ಟು ಸುತ್ತಿ ಕೊಟ್ಟಿದ್ದೆ.

ಒಯ್ದು ಭಾವನ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದರು. ಅವರ ಕಣ್ಣಂಚು ತೇವವಾದದ್ದನ್ನು ಕಂಡೆ. ಇನ್ನೇನು ಸರಿಯಾದ ಮಾತೊಂದು ಬರುತ್ತದೆಂದು ಕಾದೆ. ಸ್ಕೇಲನ್ನು ಜೇಬಿಗೆ ಒತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದರು:

"ಅಕ್ಷರ ನೋಡು ಹೇಗಿದೆ. ಇದನ್ನ ಶಾಲೆಗೆ ಹೇಗಪ್ಪ ಕಳಿಸೋದು?"

ಸಿಟ್ಟು ನೆತ್ತಿಗೇರಿ ಅಲ್ಲಿಂದ ಹೊರಟು ಬಂದೆ. ಇನ್ನೊಂದು ಕ್ಷಣ ನಿಂತು ಬಾಯಿ ಬಿಟ್ಟಿದ್ದರೆ ಅಕ್ಕನ ಮನೆಗೆ ನಾನು ಮತ್ತೆ ಕಾಲಿಡುವಂತಿರಲಿಲ್ಲ.

ಚಾರ್ಟಿಗೆ ಮೊದಲ ಬಹುಮಾನ ಬಂತು. ಈಗಲೂ ಶಾಲೆಯ ಪಡಸಾಲೆಯ ಗೋಡೆಯ ಮೇಲಿದೆ. ಅದರ ಕೊನೆಯ ಚೌಕದಲ್ಲಿ, ಮಣ್ಣಾದ ಮರುದಿನ, ರಬ್ಬರು ಎಂಟೆಲೆ ತಿಂದು ಮಗ್ಗುಲಾಗಿ ಕೂತಿದೆ. ಕಡ್ಡಿ ಈಗ ಪ್ರಾಜೆಕ್ಟುಗಳಿಗೆ ಜಗಳವಾಡುವುದಿಲ್ಲ. ಶಾಲೆಯಿಂದ ಬಂದೊಡನೆ, ಅಂಗೈ ಚಾಚುವ ಮೊದಲೇ, ಚೀಲವನ್ನೇ ಅಪ್ಪನ ಕುರ್ಚಿಯ ಮೇಲಿಟ್ಟು ಹಿತ್ತಿಲಿಗೆ ಹೋಗುತ್ತಾಳೆ. ಮಗಳು ಈಗ ಎಷ್ಟು ಸುಧಾರಿಸಿದ್ದಾಳೆಂದು ಭಾವ ಸಿಕ್ಕವರಿಗೆಲ್ಲ ಹೇಳುತ್ತಾರೆ.

ಮೊನ್ನೆ ಅಂಗಡಿಗೆ ಬಂದಿದ್ದರು.

"ಕಲ್ಲನ್ನ ನೆಲಕ್ಕೆ ಅಂಟಿಸೋ ಅಂಥ ಗೋಂದೇನಾದ್ರೂ ಇದೆಯೇನಯ್ಯ? ಹಿತ್ತಿಲಲ್ಲಿ ಆ ಕಲ್ಲು ದಿನಾ ಸಂಜೆ ತಲೆ ಕಡೆಗೆ ಸರಿದಿರುತ್ತೆ. ದಿನಾ ಬೆಳಿಗ್ಗೆ ನಾನು ನಡುವಿಗಿಡೋದು. ಹೆಗ್ಗಣದ ಕಾಟ ಅಂತ ಕಾಣುತ್ತೆ."

ಅವರ ಮೂಗಿನ ನೇರಕ್ಕೆ, ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ, ಅಂಥ ಗೋಂದು ಮೂರು ಬಗೆಯದಿತ್ತು.

"ಇಲ್ಲ ಭಾವ," ಎಂದೆ. "ಅಂಥದ್ದು ಬರೋದೇ ಇಲ್ಲ."

ಇಪ್ಪತ್ತು ವರ್ಷಗಳಲ್ಲಿ ನಾನು ಗಿರಾಕಿಗೆ ಇದ್ದುದನ್ನು ಇಲ್ಲವೆಂದದ್ದು ಅದೊಂದೇ ಸಲ.

ಇಂಥವರು ಎಲ್ಲ ಬೀದಿಗಳಲ್ಲೂ ಇದ್ದಾರೆ. ದಿನವೂ ನನ್ನ ಅಂಗಡಿಯ ಮುಂದೆ ಸಾಲುಗಟ್ಟುತ್ತಾರೆ. ಕುಡುಕರಲ್ಲ, ಸೋಮಾರಿಗಳಲ್ಲ, ಮಕ್ಕಳ ಮೇಲೆ ಕೈ ಮಾಡುವವರೂ ಅಲ್ಲ. ಆದ್ದರಿಂದ ಅವರ ಮೇಲೆ ದೂರು ಹೇಳಲು ಯಾವ ಚಾವಡಿಯೂ ಇಲ್ಲ. ಮಗುವಿನ ಕೈಯಿಂದ ಪೆನ್ಸಿಲು ತೆಗೆದುಕೊಳ್ಳುವಾಗ ಅದರ ತುದಿಗೆ ಮಗುವಿನ ಕಣ್ಣೂ ಅಂಟಿಕೊಂಡು ಬರುತ್ತದೆಂಬುದು ಅವರಿಗೆ ತಿಳಿಯದು, ತಿಳಿಸಿದರೆ ಅಕ್ಷರ ಚೆನ್ನಾಗಿಲ್ಲವೆನ್ನುತ್ತಾರೆ. ಅವರನ್ನು ತಿದ್ದಹೊರಟವನು ತಾನೂ "ಕೊಡಿಲ್ಲಿ" ಎಂದು ಕೈ ಚಾಚಬೇಕಾಗುತ್ತದೆ. ಆ ಪಾಪ ನನಗೆ ಬೇಡ. ಅವರ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಹೊರಗಿನವರು ಮಾಡಬಹುದಾದ ಉಪಕಾರ ಒಂದೇ: ಕಲ್ಲು ಸರಿಸುವ ಹೆಗ್ಗಣ ಯಾವುದೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು.