ಹಿಂದಿನ ಗಾಲಿಗೆ ಎಪ್ಪತ್ತು

ಗದಗಿನಿಂದ ಮುಳಗುಂದದ ಕಡೆ ಹೋಗುವ ರಸ್ತೆಯಲ್ಲಿ ಟಯರಿಗೆ ಹವಾ ಹಾಕುವವರು ಏಳೆಂಟು ಜನ ಇರಬಹುದು. ಅದರಲ್ಲಿ ಅರ್ಧ ಜನ ನನ್ನ ಕೈಕೆಳಗೆ ಕಲಿತವರು, ಉಳಿದರ್ಧ ಜನಕ್ಕೆ ಕೆಲಸವೇ ಬರುವುದಿಲ್ಲ. ಹೀಗೆ ಮಾತಾಡಿಯೇ ನಾನು ಊರ ತುಂಬ ವೈರಿಗಳನ್ನು ಮಾಡಿಕೊಂಡೆ. ಕೊಟ್ರಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುತ್ತಾರೆ. ಅನ್ನಲಿ. ಮೂವತ್ತೊಂದು ವರ್ಷ ಒಂದೇ ಕೆಲಸ ಮಾಡಿದವನಿಗೆ ನಿನ್ನೆ ಮೊನ್ನೆಯವರು ಬಂದು ಪಾಠ ಹೇಳಿದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ಅವತ್ತು ಪಾಠ ಹೇಳಿದವಳು ಶಿವರಂಜನಿ, ನನ್ನ ತಮ್ಮ ಮಲ್ಲುವಿನ ಹೆಂಡತಿ. ಮಲ್ಲು ಹೋಗಿ ಮೂರು ವರ್ಷವಾಯಿತು. ಅವನು ಹೋದ ಮೇಲೆ ಅವಳು ಅಳುತ್ತ ಕೂಡಲಿಲ್ಲ. ಗುಡ್ಡದ ಮೇಲೆ ಗಾಳಿ ಫ್ಯಾನು ನಿಲ್ಲಿಸಲು ಬರುವ ಕೆಲಸಗಾರರಿಗೆ ಅಡುಗೆ ಮಾಡಿ ಹಾಕುವ ಕೆಲಸ ಹಿಡಿದಳು. ಆ ಜನ ಎರಡು ತಿಂಗಳು ಮುಂಡರಗಿ ಕಡೆ, ಎರಡು ತಿಂಗಳು ಇನ್ನೊಂದು ಕಡೆ. ಅವರ ಹಿಂದೆ ತಿರುಗಲು ಒಂದು ಹಳೇ ಸ್ಕೂಲ್ ವ್ಯಾನು ಕೊಂಡು, ಸೀಟು ಕಿತ್ತು, ಒಳಗೆ ಒಲೆ, ಮಂಚ, ಐನೂರು ಲೀಟರಿನ ನೀರಿನ ಟಾಕಿ ಎಲ್ಲ ಕೂಡಿಸಿದಳು. ನಮ್ಮ ಓಣಿಯವರು ಅದಕ್ಕೆ ಮನಿಗಾಡಿ ಅಂತ ಹೆಸರಿಟ್ಟರು. ಓಡಿಸುವವನು ಅವಳ ತಮ್ಮ ವೀರು. ಹತ್ತು ವರ್ಷದ ಮಗಳು ಅಂಕಿತಾಗೆ ಬೇಸಿಗೆ ರಜೆ ಬಂತೆಂದರೆ ಅದೇ ಮನೆ.

ಏಪ್ರಿಲ್ ತಿಂಗಳು, ಹನ್ನೊಂದು ಗಂಟೆಯ ಬಿಸಿಲು. ಲಕ್ಷ್ಮೇಶ್ವರದ ಆಚೆ ಅಡರಕಟ್ಟಿ ಹತ್ತಿರ ಹೊಸ ಕೆಲಸ ಶುರುವಾಗಿದೆ, ಅಲ್ಲಿಗೆ ಹೊರಟಿದ್ದೇವೆ ಅಂತ ಗಾಡಿಯನ್ನು ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ನಮ್ಮವ್ವ ನೀಲಗಂಗವ್ವ ನನ್ನ ಮನೆಯಲ್ಲೇ ಇರುವವಳು, ಮೊಮ್ಮಗಳ ಜೊತೆ ತಾನೂ ಹೋಗಿಬರುತ್ತೇನೆ ಅಂತ ಹತ್ತಿ ಕೂತಿದ್ದಳು. ಮಗನ ಕೈಯಲ್ಲಿ ಗಾಲಿ ನೋಡಿಸದೆ ಗಾಡಿ ಊರು ಬಿಡಬಾರದು ಅಂತ ಹಟ ಹಿಡಿದವಳೂ ಅವಳೇ.

ಹಿಂದಿನ ಗಾಲಿಗೆ ಮೀಟರು ಹಚ್ಚಿದೆ. ಎಪ್ಪತ್ತೆಂಟು ಪೌಂಡು! ಯಾವ ಹುಚ್ಚ ಹಾಕಿದ ಇಷ್ಟು ಹವಾ ಅಂತ ಕೂಗಿದೆ. ಶಿವರಂಜನಿ ಒಂದು ಚೀಟಿ ತೆಗೆದಳು. ಹತ್ತಿ ಮಾರ್ಕೆಟ್ಟಿನ ಕಾಟಾದ ಮೇಲೆ ತುಂಬಿದ ಗಾಡಿ ನಿಲ್ಲಿಸಿ, ಮುಂದಿನ ಗಾಲಿಯ ಭಾರ ಬೇರೆ, ಹಿಂದಿನದು ಬೇರೆ ತೂಗಿಸಿದ್ದಳಂತೆ. ಆ ಭಾರಕ್ಕೆ ಮುಂದೆ ಐವತ್ತೈದು, ಹಿಂದೆ ಎಪ್ಪತ್ತು ಅಂತ ಟಯರು ಕಂಪನಿಯ ಪಟ್ಟಿಯಲ್ಲಿ ಇದೆಯಂತೆ. ಬೆಳಗಿನ ತಂಪಿನಲ್ಲಿ ಅಷ್ಟೇ ಹಾಕಿಸಿದ್ದಳಂತೆ, ಬಿಸಿಲಿಗೆ ಎಂಟು ಏರಿದೆಯಂತೆ.

"ಬಿಸಿಗೆ ಏರೂದನ್ನ ಹಿಡದ ಪಟ್ಟಿ ಮಾಡಿರ್ತಾರ ಭಾವಾರ," ಅಂದಳು. "ಭಾರ ಭಾಳ ಐತಿ. ಹವಾ ತಗಿಬ್ಯಾಡ್ರಿ."

ಬೇಸಿಗೆಯಲ್ಲಿ ಹವಾ ಕಡಿಮೆ ಇರಬೇಕು, ಇಲ್ಲದಿದ್ದರೆ ಟಯರು ಒಡೆಯುತ್ತದೆ. ಈ ಮಾತನ್ನು ನಾನು ಎಷ್ಟು ಸಾವಿರ ಜನಕ್ಕೆ ಹೇಳಿದ್ದೇನೋ ದೇವರಿಗೇ ಗೊತ್ತು. ಅದನ್ನೇ ಅವಳಿಗೂ ಹೇಳಿದೆ, ಹೇಳಬಾರದ ಇನ್ನೊಂದು ಮಾತನ್ನೂ ಹೇಳಿದೆ. ಹೆಚ್ಚು ಹವಾ ನಿನ್ನ ಗಂಡನನ್ನು ತಿಂದುಹಾಕಿದ್ದು ಸಾಲದೆ, ಮಗಳನ್ನೂ ಅದಕ್ಕೆ ಕೊಡಬೇಕೇನು ಅಂದೆ. ಹಿರಿಯನ ಮಾತು ಮೀರಬೇಡ ಅಂತ ನಮ್ಮವ್ವ ಒಳಗಿನಿಂದ ಗದರಿದಳು. ಶಿವರಂಜನಿ ಚೀಟಿ ಮಡಚಿಕೊಂಡು ಗಾಡಿ ಹತ್ತಿದಳು.

ಹಿಂದಿನ ಎರಡೂ ಗಾಲಿ ನಲವತ್ತೆಂಟಕ್ಕೆ ಇಳಿಸಿದೆ. ಅಂಕಿತಾ ಕಿಟಕಿಯಿಂದ ತಲೆ ಹೊರಹಾಕಿ, ದೊಡ್ಡಪ್ಪಾ ನನ್ನ ಮಂಚ ನೀನು ಹವಾ ತೆಗೆದ ಗಾಲಿಯ ಮೇಲೇ ಇದೆ ಅಂತ ನಕ್ಕಳು. ಮಾರ್ಕೆಟ್ಟಿನಲ್ಲಿ ಇನ್ನಷ್ಟು ತರಕಾರಿ ಹೇರಿಕೊಂಡು ಹೋಗುತ್ತೇವೆ ಅಂತ ವೀರು ಗಾಡಿ ಎಬ್ಬಿಸಿದ.

ಹೆಚ್ಚು ಹವಾ ತಿಂದುಹಾಕಿತು ಅಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ಮಲ್ಲು ಗೂಡ್ಸ್ ಟೆಂಪೋ ಓಡಿಸುತ್ತಿದ್ದ. ಇಂಥದ್ದೇ ಒಂದು ಏಪ್ರಿಲ್‌ನಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಹೋಗುವಾಗ ಮುಳಗುಂದ ದಾಟಿದ ಮೇಲೆ ಹಿಂದಿನ ಟಯರು ಒಡೆದು ಗಾಡಿ ಹೊರಳಿತು. ಅದಕ್ಕೂ ಮುಂಚೆ ಅವನು ಮುಳಗುಂದದ ಪುಂಡಲೀಕಪ್ಪನ ಅಂಗಡಿಯಲ್ಲಿ ನಿಂತಿದ್ದನ್ನು ಜನ ನೋಡಿದ್ದರು. ಪುಂಡಲೀಕಪ್ಪ ನನ್ನ ವಾರಿಗೆಯವನು, ಒಬ್ಬನೇ ಯಜಮಾನನ ಹತ್ತಿರ ಇಬ್ಬರೂ ಕೆಲಸ ಕಲಿತವರು. ಮಣ್ಣು ಕೊಟ್ಟ ಮರುದಿನ ನಾನು ಮುಳಗುಂದಕ್ಕೆ ಹೋಗಿ, ಬಜಾರಿನ ನಡುವೆ ಅವನ ಕಪಾಳಕ್ಕೆ ಹೊಡೆದೆ. ಹೆಚ್ಚು ಹವಾ ಹಾಕಿ ನನ್ನ ತಮ್ಮನನ್ನು ಕೊಂದೆ ಅಂತ ಕೂಗಿದೆ. ಅವನು ಏನೋ ಹೇಳಲು ಬಂದ, ನಾನು ಬಿಡಲಿಲ್ಲ. ಅವನ ಅಂಗಡಿಗೆ ಗಿರಾಕಿ ಕಡಿಮೆಯಾಯಿತು ಅಂತ ಕೇಳಿ ಖುಷಿಪಟ್ಟೆ. ಮಲ್ಲುವಿನ ಒಡೆದ ಟಯರನ್ನು ತಂದು ನನ್ನ ಅಂಗಡಿಯ ಗೋಡೆಗೆ ನೇತು ಹಾಕಿದೆ. ಹೆಚ್ಚು ಹವಾ ಕೇಳಿದವರಿಗೆಲ್ಲ ಅದನ್ನೇ ತೋರಿಸುತ್ತಿದ್ದೆ.

ಮನಿಗಾಡಿ ಹೋಗಿ ಅರ್ಧ ತಾಸಾಗಿರಬೇಕು. ಶಾಹಿಸ್ತಾ ಅನ್ನುವ ಹುಡುಗಿ ಸ್ಕೂಟಿ ಪಂಕ್ಚರ್ ತೆಗೆಸಲು ಬಂದಳು. ಅಪಘಾತವಾದ ಗಾಡಿಗಳನ್ನು ವಿಮೆಯವರ ಪರವಾಗಿ ನೋಡಿ ವರದಿ ಬರೆಯುವ ಕೆಲಸವಂತೆ ಅವಳದು. ನಾನು ಟ್ಯೂಬಿಗೆ ಅರ ತಿಕ್ಕುತ್ತಿದ್ದಾಗ ಅವಳು ಗೋಡೆಯ ಮೇಲಿನ ಟಯರನ್ನು ತಿರುಗಿಸಿ ನೋಡಿದಳು. ಇದು ಹವಾ ಕಡಿಮೆಯಾಗಿ ಒಡೆದದ್ದು ಅಂದಳು, ಹೊರಗೆ ಮಳೆ ಬಂತು ಅನ್ನುವ ಹಾಗೆ.

ನಾನು ಎದ್ದು ನಿಂತು ಬೈದೆ. ಅವಳು ಹೆದರಲಿಲ್ಲ. ಹೆಚ್ಚು ಹವಾಕ್ಕೆ ಒಡೆದರೆ ನೆಲಕ್ಕೆ ತಾಗುವ ಕಡೆ ನಡುವಿನಲ್ಲಿ ಸೀಳುತ್ತದೆ ಅಂದಳು. ಇದರ ಪಕ್ಕೆಗೋಡೆ ಸುತ್ತಲೂ ಬಳೆಯ ಹಾಗೆ ಹರಿದಿದೆ. ಭಾರ ಹೊತ್ತು, ಹವಾ ಇಲ್ಲದೆ, ಮಡಚಿ ಮಡಚಿ ಓಡಿ, ಒಳಗೇ ಕಾದು ಸುಟ್ಟಿದೆ.

"ಒಳಗ ಕೈ ಹಾಕಿ ನೋಡ್ರಿ ಕಾಕಾ," ಅಂದಳು. "ರಬ್ಬರಿನ ಪುಡಿ ಇರ್ತೈತಿ."

ನಾನು ಕೈ ಹಾಕಲಿಲ್ಲ. ಹಾಕುವ ಅವಶ್ಯಕತೆ ಇರಲಿಲ್ಲ. ಮಲ್ಲು ಸತ್ತ ದಿನ ಬೆಳಿಗ್ಗೆ ಅವನ ಟೆಂಪೋದ ಹಿಂದಿನ ಗಾಲಿಯಿಂದ ಇಪ್ಪತ್ತು ಪೌಂಡು ತೆಗೆದವನು ನಾನೇ. ಈಗ ಎಪ್ಪತ್ತರ ಭಾರ ಹೊತ್ತ ಗಾಡಿ ನಲವತ್ತೆಂಟರ ಮೇಲೆ ಈ ಬಿಸಿಲಲ್ಲಿ ಓಡುತ್ತಿದೆ, ಆ ಗಾಲಿಯ ಮೇಲೆ ಅಂಕಿತಾಳ ಮಂಚ.

ಶಿವರಂಜನಿಗೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ನಾನು ಆಡಿದ ಮಾತಿಗೆ ಯಾರಾದರೂ ಎತ್ತುತ್ತಾರೆಯೇ? ವೀರೂದು ಸ್ವಿಚ್ ಆಫ್. ನಮ್ಮವ್ವನ ಫೋನು ನನ್ನ ಮನೆಯ ಗೂಡಿನಲ್ಲೇ ಬಡಿದುಕೊಳ್ಳುತ್ತಿತ್ತಂತೆ, ಹೆಂಡತಿ ಎತ್ತಿದಳು. ಬೈಕು ತೆಗೆದರೆ ಅವರನ್ನು ಹಿಡಿಯುವಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಮುಳಗುಂದದಲ್ಲಿ ಗುರುತಿನವನೊಬ್ಬ ಇದ್ದ, ಅವನು ಸಂತೆಗೆ ಹೋಗಿದ್ದ. ರಸ್ತೆಯ ಮೇಲೇ ಅಂಗಡಿ ಇಟ್ಟುಕೊಂಡು, ಹೋಗುವ ಬರುವ ಪ್ರತಿ ಗಾಡಿಯನ್ನೂ ನೋಡುತ್ತ ಕೂತಿರುವ ಮನುಷ್ಯ ಅಲ್ಲಿ ಒಬ್ಬನೇ.

ಪುಂಡಲೀಕಪ್ಪನ ನಂಬರು ನಾನು ಅಳಿಸಿರಲಿಲ್ಲ. ಹೆಸರಿನ ಮುಂದೆ ಒಂದು ಬೈಗುಳ ಸೇರಿಸಿ ಇಟ್ಟಿದ್ದೆ. ಅವನು ನನ್ನದನ್ನು ಅಳಿಸಿದ್ದ, ಯಾರು ಅಂತ ಕೇಳಿದ. ಹೆಸರು ಹೇಳಿದೆ, ಇಟ್ಟುಬಿಟ್ಟ. ಮತ್ತೆ ಹಚ್ಚಿದೆ, ಮತ್ತೆ ಇಟ್ಟ. ಮೂರನೇ ಸಲ ಅವನು ಉಸಿರು ತೆಗೆಯುವ ಮೊದಲೇ ಹೇಳಿದೆ.

"ಪುಂಡಲೀಕಾ, ನಿನ್ನ ಕಾಲಿಗೆ ಬೀಳ್ತೀನಿ, ಫೋನ್ ಇಡಬ್ಯಾಡ. ಮಲ್ಲ್ಯಾನ ಮಗಳು ಗಾಡ್ಯಾಗ ಅದಾಳ."

ಇಡಲಿಲ್ಲ. ಹಳದಿ ವ್ಯಾನು, ಮೇಲೆ ಟಾಕಿ, ಹಿಂದೆ ನಲವತ್ತೆಂಟು ಹವಾ ಅಂತ ಒದರಿದೆ. ಆ ಗಾಡಿ ಇನ್ನೂ ದಾಟಿಲ್ಲ ಅಂದ. ನನಗೆ ಜೀವ ಬಂತು, ಮರುಕ್ಷಣ ಹೋಯಿತು. ದಾಟಿಲ್ಲ ಅಂದರೆ ಬರುತ್ತಿದೆ ಅಂತಲೋ, ಎಲ್ಲಾದರೂ ಬಿದ್ದಿದೆ ಅಂತಲೋ? ಪುಂಡಲೀಕಪ್ಪ ಆ ಹೊತ್ತಿನಲ್ಲಿ ಹಳೆಯದನ್ನು ತೆಗೆಯದೆ ಬಿಡಲಿಲ್ಲ, ಬಿಡಬೇಕು ಅಂತ ನಾನೂ ಹೇಳಲಾರೆ.

"ಅವತ್ತ ಮಲ್ಲೂಗ ನಾ ಹೇಳಿದ್ದೆ, ಹವಾ ಕಡಿಮಿ ಐತಿ, ಹಾಕ್ತೀನಿ ಅಂತ," ಅಂದ. "ನಮ್ಮಣ್ಣ ನೋಡ್ಯಾನ, ನೀ ಕೈ ಹಚ್ಚಬ್ಯಾಡ ಅಂದ. ನಾ ಹಚ್ಚಲಿಲ್ಲ. ಇದನ್ನ ಹೇಳಾಕ ಬಂದ್ರ ನೀ ಬಡದಿ."

ಅಷ್ಟರಲ್ಲಿ ಅವನು ಗಾಡಿ ಬಂತು ಅಂತ ಕೂಗಿ ಓಡಿದ. ಟ್ರ್ಯಾಕ್ಟರಿನ ದೊಡ್ಡ ಟಯರೊಂದನ್ನು ರಸ್ತೆಗೆ ಉರುಳಿಸಿದ ಅಂತ ಆಮೇಲೆ ಗೊತ್ತಾಯಿತು. ನನಗೆ ಕೇಳಿದ್ದು ಬ್ರೇಕಿನ ಕಿರುಚಾಟ, ವೀರೂನ ಬೈಗುಳ, ಅಂಕಿತಾಳ ಅಳು. ಅಳುತ್ತಿದ್ದಾಳೆ ಅಂದರೆ ಬದುಕಿದ್ದಾಳೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಗಾಲಿಯ ಮೇಲೆ ಕೈ ಇಡಲು ಬರುತ್ತಿಲ್ಲ, ಅಷ್ಟು ಕಾದಿದೆ, ಗಾಡಿ ನೆರಳಿಗೆ ಹಾಕು, ಅರ್ಧ ತಾಸು ಆರಿದ ಮೇಲೆ ಹವಾ ಹಾಕುತ್ತೇನೆ ಅಂತ ಪುಂಡಲೀಕಪ್ಪ ಹೇಳುತ್ತಿದ್ದ. ಶಿವರಂಜನಿ ಅವನ ಗುರುತು ಹಿಡಿದಿದ್ದಳು. ನನ್ನ ಗಂಡನನ್ನು ಕೊಂದ ಕೈ ನನ್ನ ಗಾಡಿಯನ್ನು ಮುಟ್ಟಬಾರದು ಅಂತ ಚೀರಿದಳು. ಟಯರು ಸರಿಸಿ ಗಾಡಿ ಹೊಡಿ ಅಂತ ತಮ್ಮನಿಗೆ ಹೇಳಿದಳು. ಪುಂಡಲೀಕಪ್ಪ ಫೋನನ್ನು ಅವಳ ಕೈಗೆ ತುರುಕಿದ.

ನಿನ್ನ ಚೀಟಿ ಖರೆ, ಹಿಂದಿನ ಗಾಲಿಗೆ ಎಪ್ಪತ್ತೇ ಬೇಕು, ಹಾಕಿಸಿಕೊ ತಂಗಿ ಅಂದೆ. ಇಷ್ಟರಲ್ಲೇ ಪಾರಾಗಬಹುದು ಅಂತ ನನಗೆ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅವಳು ಒಪ್ಪಲಿಲ್ಲ. ಚೀಟಿ ಖರೆ ಇದ್ದರೆ ಲಕ್ಷ್ಮೇಶ್ವರದಲ್ಲಿ ಹಾಕಿಸಿಕೊಳ್ಳುತ್ತೇನೆ ಅಂದಳು. ಲಕ್ಷ್ಮೇಶ್ವರ ಇನ್ನೂ ದೂರ. ಆ ಕಾದ ಗಾಲಿ ಅಲ್ಲಿಯ ತನಕ ಉಳಿಯುವುದಿಲ್ಲ.

"ಮುಂಜಾನೆ ಒಂದ ಹೇಳಿದ್ರಿ, ಈಗ ಒಂದ ಹೇಳ್ತೀರಿ," ಅಂದಳು. "ಅದೂ ಇವನ ಕೈಲೆ. ಯಾಕ ಭಾವಾರ?"

ಹಿಂದೆ ವೀರು ಗಾಡಿ ಚಾಲೂ ಮಾಡಿದ ಸದ್ದು ಬಂತು.

"ಅವ ಏನೂ ಮಾಡಿಲ್ಲ," ಅಂದೆ. "ಮಲ್ಲ್ಯಾನ ಗಾಲಿ ಹವಾ ತಗದಾಂವ ನಾನು. ಅವ ಹಾಕ್ತೀನಿ ಅಂದಿದ್ದ. ನನ್ನ ಮ್ಯಾಲಿನ ನಂಬಿಕಿಗೆ ಮಲ್ಲ್ಯಾ ಬ್ಯಾಡ ಅಂದ. ನಿನ್ನ ಗಂಡನ್ನ ಕೊಂದಾಂವ ನಾನವಾ."

ಗಾಡಿಯ ಸದ್ದು ನಿಂತಿತು. ಆಮೇಲೆ ಶಿವರಂಜನಿಯ ಧ್ವನಿ ಕೇಳಿತು, ನನಗಲ್ಲ, ಅವನಿಗೆ.

"ಹಿಂದಿನ ಗಾಲಿಗೆ ಎಪ್ಪತ್ತ ಹಾಕ್ರಿ ಅಣ್ಣಾರ. ಎಷ್ಟ ಹೊತ್ತಾದ್ರೂ ಆಗಲಿ, ಆರಿಸಿ ಹಾಕ್ರಿ."

ಫೋನು ಕಟ್ಟಾಗಿರಲಿಲ್ಲ. ರಸ್ತೆಯ ಗದ್ದಲಕ್ಕೆ ಕೇಳಿಸದೆ ಅವಳು ಸ್ಪೀಕರ್ ಹಾಕಿದ್ದಳು, ಎಲ್ಲರೂ ಕೇಳಿದ್ದರು. ಯಾರೋ ಫೋನು ಎತ್ತಿಕೊಂಡರು. ಉಸಿರಾಟದಲ್ಲೇ ಗೊತ್ತಾಯಿತು, ನಮ್ಮವ್ವ.

"ಕೊಟ್ರ್ಯಾ," ಅಂದಳು. "ಇದು ನಿನಗ ಇವತ್ತ ಗೊತ್ತಾತೋ, ಅವತ್ತ ಗೊತ್ತಿತ್ತೋ?"

ಇವತ್ತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ನಂಬುತ್ತಿದ್ದಳು, ಹೆತ್ತ ತಾಯಿ. ಆದರೆ ಮಲ್ಲುವಿನ ಟಯರು ತರಲು ಹೋದ ದಿನ ನಾನು ಅದರೊಳಗೆ ಕೈ ಹಾಕಿದ್ದೆ. ಮೊಣಕೈ ತನಕ ಕರೀ ಪುಡಿ ಮೆತ್ತಿಕೊಂಡಿತ್ತು. ಅದು ಏನು ಅಂತ ಇಪ್ಪತ್ತೆಂಟು ವರ್ಷದ ಕೆಲಸದವನಿಗೆ ಗೊತ್ತಾಗದೆ ಇರುತ್ತದೆಯೇ? ಹಳ್ಳದಲ್ಲಿ ಕೈ ತೊಳೆದುಕೊಂಡು ಸೀದಾ ಪುಂಡಲೀಕಪ್ಪನನ್ನು ಹೊಡೆಯಲು ಹೋದೆ. ಅಲ್ಲಿಂದ ಈಚೆಗೆ ಬಂದ ಪ್ರತಿ ಗಾಡಿಯ ಹವಾ ತೆಗೆದೆ. ಒಂದು ಗಾಡಿಯದು ತೆಗೆಯದೆ ಬಿಟ್ಟಿದ್ದರೂ ನಾನು ತಪ್ಪಿದ್ದೆ ಅಂತ ಒಪ್ಪಿದ ಹಾಗೆ ಆಗುತ್ತಿತ್ತು. ಹಾಗೆ ತೆಗೆಯುತ್ತ ತೆಗೆಯುತ್ತ ಮಲ್ಲುವಿನ ಮಗಳ ಗಾಡಿಯದೂ ತೆಗೆದೆ.

"ಅವತ್ತ ಗೊತ್ತಿತ್ತವ್ವಾ," ಅಂದೆ.

ದೂರದಲ್ಲಿ ಅಂಕಿತಾ ನೀರು ಕೇಳುತ್ತಿದ್ದಳು.

"ನನ್ನ ಸೀರಿ ಗಂಟು, ಔಷಧದ ಚೀಲ ಅಡರಕಟ್ಟಿಗೆ ಕಳಸು," ಅಂದಳು ನಮ್ಮವ್ವ. "ಯಾರ ಕೈಯಾಗರೆ ಕಳಸು. ನೀ ಬರಬ್ಯಾಡ."