ಕೊಂಕಣಿ ಬಾರದ ಪಾದ್ರಿ

ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ ಕಾರಿಗೆ ಬಂದ ಡೋಲ್ಫಿಯ ಮುಖ ನೋಡಿದ ಕೂಡಲೇ, ಗಂಡ ಮತ್ತೇನೋ ಜಾಣತನ ಮಾಡಿದ್ದಾನೆಂದು ಫ್ಲೊಸ್ಸಿಗೆ ತಿಳಿಯಿತು. ಈ ಜಾಣತನ ನೋಡಿ ನೋಡಿ ಅವಳಿಗೆ ಸಾಕುಸಾಕಾಗಿತ್ತು.

ಕೇಟರಿಂಗ್ ಕಂಪನಿಯ ಕೋಲ್ಡ್ ರೂಮಿನ ಬಾಗಿಲು ಹಾಕದೆ ಬಂದವನು ಡೋಲ್ಫಿ. ಕೊಳೆತದ್ದು ಕೋಳಿ, ಆರೋಪ ಬಿದ್ದದ್ದು ಜೊತೆಗಾರ ಕಮಲಾಕ್ಷನ ಕೊರಳಿಗೆ. "ಕೊನೆಗೆ ಹೊರಬಂದವನು ಅವನೇ" ಎಂದು ಮ್ಯಾನೇಜರ್ ಶ್ಯಾಮಸುಂದರರ ಮುಂದೆ ಸಾಕ್ಷಿ ಹೇಳಿದವನೂ ಡೋಲ್ಫಿಯೇ. ಭಾನುವಾರ ವಜಾ ಪತ್ರಕ್ಕೆ ಸಹಿ ಬಿದ್ದರೆ ಕಮಲಾಕ್ಷನ ಇಕಾಮಾ, ಅಂದರೆ ಈ ಅರಬ್ಬಿ ನಾಡಿನಲ್ಲಿ ಇರುವ ಪರವಾನಗಿಯೇ, ಖಲಾಸ್. ಅಂದಿನಿಂದ ಡೋಲ್ಫಿ ಸಂಜೆಯ ಜಪಸರಕ್ಕೆ ಯೇಸುವಿನ ಪಟದ ಕಣ್ಣು ತಾಗದ ಮೂಲೆ ಹುಡುಕಿ, ಫ್ರಿಜ್ಜಿನ ಮಗ್ಗುಲಲ್ಲಿ ಮೊಣಕಾಲೂರುತ್ತಿದ್ದ.

"ಪಾಪನಿವೇದನೆ ಮಾಡಿ ಬಂದೆ" ಎಂದ.

"ಯಾರ ಹತ್ತಿರ?"

"ಫಿಲಿಪೀನ್ಸಿನ ಪಾದ್ರಿ ಹತ್ತಿರ. ಕೊಂಕಣಿಯಲ್ಲಿ."

"ಅವರಿಗೆ ಕೊಂಕಣಿ ಬರ್ತದಾ?"

"ಹೇಳ್ಬೇಕು ಅಂತ ನಿಯಮ ಉಂಟು. ಅವರಿಗೆ ಅರ್ಥ ಆಗ್ಬೇಕು ಅಂತ ಎಲ್ಲಿ ಉಂಟು?"

ಫ್ಲೊಸ್ಸಿ ಹಣೆ ಹಿಡಿದುಕೊಂಡಳು. "ಕ್ಷಮೆ ಸಿಕ್ತಾ?"

ಡೋಲ್ಫಿಗೆ ಯಾರ ದನಿಯೂ ಸಲೀಸು. ಬೆರಳು ಜೋಡಿಸಿ, ಕತ್ತು ವಾಲಿಸಿ ಪಾದ್ರಿಯೇ ಆದ: "ಮಗನೇ, ನನಗೊಂದೂ ತಿಳಿಯಲಿಲ್ಲ. ಕಮಲಾಕ್ಷ, ಕಮಲಾಕ್ಷ ಅಂತ ಮಾತ್ರ ಕೇಳಿಸಿತು. ಅದು ಪಾಪದ ಹೆಸರೋ, ಮನುಷ್ಯನದ್ದೋ?" ಕತ್ತು ನೆಟ್ಟಗಾಯಿತು. "ಮನುಷ್ಯನದ್ದು ಅಂದೆ. ಮೊದಲು ಅವನ ವಿಷಯ ಸರಿ ಮಾಡು, ಆಮೇಲೆ ಬಾ ಅಂದ್ರು. ಬರುವ ವಾರ ಅರಬ್ಬಿಯಲ್ಲಿ ಪೂಜೆ ಮಾಡುವ ಪಾದ್ರಿ ಹತ್ತಿರ ಹೋಗ್ತೇನೆ. ಹೆಸರು ಹೇಳುವುದಿಲ್ಲ."

"ಎಂತ ಜನ ಮಾರಾಯ್ರೆ ನೀವು. ದೇವರೆಂತ ಶಿಫ್ಟ್ ಮೇಲೆ ಬರ್ತಾರಾ? ನೀವು ಬಾಗಿಲು ಬಿಟ್ಟು ಬರುವಾಗ್ಲೇ ನೋಡಿ ಆಗಿದೆ. ಕಮಲಾಕ್ಷಣ್ಣನ ಹೆಸರು ಹೇಳುವಾಗ್ಲೂ ನೋಡಿ ಆಗಿದೆ. ಆ ಫ್ರಿಜ್ಜಿನ ಬದಿಯಲ್ಲಿ ಕೂತದ್ದೂ ಗೊತ್ತುಂಟು. ಗೊತ್ತಿಲ್ಲದವರು ಮ್ಯಾನೇಜರ್ ಒಬ್ಬರೇ."

"ನನ್ನ ಕೆಲಸ ಹೋದ್ರೆ?"

"ಹೋಗ್ತದೆ." ಮಾತು ಸುಲಭವಾಗಿಯೇ ಬಂತು. ತನ್ನ ವೀಸಾ, ಮಗಳ ಶಾಲೆ ಎಲ್ಲವೂ ಆ ಕೆಲಸದ ಬಾಲಕ್ಕೇ ಕಟ್ಟಿಕೊಂಡಿವೆ ಎಂಬುದು ನೆನಪಾಗಿ, ಅವಳು ಎರಡನೇ ಸಲ ಹಾಗೆನ್ನಲಿಲ್ಲ.

ಡೋಲ್ಫಿ ಸ್ಟೀರಿಂಗ್ ಹಿಡಿದ, ಬಿಟ್ಟ. ಹೊರಗೆ ಜನ ಮಂಗಫ್ ಊರಿಗೆ ಹೋಗುವ ಬಸ್ಸಿಗೆ ನುಗ್ಗುತ್ತಿದ್ದರು. ಕೊನೆಗೆ ಅವನು ಫೋನ್ ತೆಗೆದು, ಸ್ಪೀಕರಿಗೆ ಹಾಕಿ ಮ್ಯಾನೇಜರಿಗೆ ಕರೆ ಮಾಡಿದ.

"ಸರ್, ಕೋಲ್ಡ್ ರೂಮಿನ ವಿಷಯ..."

"ಯಾರ್ರೀ ಮಾತಾಡ್ತಿರೋದು? ಡೋಲ್ಫಿ ದನಿ ಥರಾ ಇಲ್ವಲ್ಲ" ಎಂದರು ಶ್ಯಾಮಸುಂದರ್.

"ಡೋಲ್ಫಿಯೇ ಸರ್. ಬಾಗಿಲು ಹಾಕದೆ ಬಂದದ್ದು ನಾನು. ಕಮಲಾಕ್ಷ ಅಲ್ಲ. ನಾನು ಸುಳ್ಳು ಹೇಳಿದ್ದು."

ಚೆನ್ನಾಗಿ ಕೇಳಿಸಲೆಂದು ಫ್ಲೊಸ್ಸಿ ಕಾರಿನ ಎಸಿ ಆರಿಸಿದಳು. ಆ ಸೆಕೆಯಲ್ಲಿ ಇಬ್ಬರೂ ಉತ್ತರಕ್ಕೆ ಕಾದರು.